ಲೆಜಾಮಾ ಮೇಷ್ಟ್ರಿಗೆ ಕುರ್ಚಿ ಬೇಡ, ಬಿಲ್ಲೆ ಕೊಡಿ

ವೇದಿಕೆ ಮತ್ತು ಸುರಕ್ಷತಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಸವಾನ್ನಾ ಮೈದಾನದ ದೊಡ್ಡ ಗೇಟಿನ ಮೇಲೆ ಎವರಾರ್ಡ್ ಲೆಜಾಮಾ ಅವರ ಚಿತ್ರವನ್ನು ಮೂರಂತಸ್ತಿನ ಮನೆಯಷ್ಟು ಎತ್ತರಕ್ಕೆ ನೇತುಹಾಕಿಸಿದ್ದೀರಿ. ಶನಿವಾರ ವಾದ್ಯವೃಂದಗಳ ಅಂತಿಮ ಸ್ಪರ್ಧೆಯ ದಿನ ಅದೇ ಗೇಟಿನೊಳಗೆ ಎವರಾರ್ಡ್ ಲೆಜಾಮಾ ಎಂಬ ಮನುಷ್ಯ ಕಾಲಿಡುವಂತಿಲ್ಲ ಎಂದಿದ್ದೀರಿ. ಕ್ಷಮಿಸಿ, ತಾವು ಹಾಗೆ ಹೇಳಿಲ್ಲ. ಕಾಲಿಡಬಹುದು, ಕೈ ಹಾಕುವಂತಿಲ್ಲ. ಬಂದು ಕುರ್ಚಿಯಲ್ಲಿ ಕೂರಬಹುದು, ಗಾಡಿ ತಳ್ಳುವಂತಿಲ್ಲ. ಈ ಆಜ್ಞೆ ಹೊರಡಿಸಿದ ಸಭೆಯಲ್ಲಿ ಒಬ್ಬರಿಗಾದರೂ ನಗು ಬರಲಿಲ್ಲವೇ? ನಗು ಬಾರದಿದ್ದರೆ ನಾಚಿಕೆಯಾದರೂ ಬರಬೇಕಿತ್ತು. ಎರಡೂ ಬಂದಂತೆ ಕಾಣದ ಕಾರಣ ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ. ತಮ್ಮ ಕಚೇರಿಗೆ ಕೊಟ್ಟ ಕಾಗದದ ಮೇಲೆ ಚಹಾದ ಲೋಟ ಇಡುತ್ತಾರೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ತಾವು ಈ ಪದವಿಗೆ ಬಂದು ಬಹಳ ದಿನವಾಗಿಲ್ಲ. ಮೊದಲು ಬಂದರಿನ ಸುಂಕದ ಕಡೆ ಇದ್ದಿರಂತೆ. ಹಾಗಾಗಿ ಟ್ರಿನಿಡಾಡಿನ ಜನಕ್ಕಿರಲಿ, ಪೋರ್ಟ್ ಆಫ್ ಸ್ಪೇನಿನ ಕೋಳಿಗಳಿಗೂ ಗೊತ್ತಿರುವ ಒಂದು ಸಂಗತಿಯನ್ನು ತಮಗೆ ಬಿಡಿಸಿ ಹೇಳಬೇಕಾಗಿದೆ. ಪ್ಯಾನ್ ಎಂದರೆ ಎಣ್ಣೆಯ ಪೀಪಾಯಿಯನ್ನು ಬಡಿದು ಸ್ವರ ಕೂರಿಸಿದ ಕಬ್ಬಿಣ. ಕಿವಿಗೆ ಹಗುರ, ಕೈಗೆ ಭಾರ. ಅವನ್ನು ಚಕ್ರದ ಗಾಡಿಗಳಿಗೆ ಕಟ್ಟಿ, ಬಾರಿಸುವವರನ್ನೂ ಮೇಲೆ ನಿಲ್ಲಿಸಿಕೊಂಡು, ನಮ್ಮ ಅಭ್ಯಾಸದ ಅಂಗಳದಿಂದ ಮೈದಾನಕ್ಕೆ, ಮೈದಾನದಿಂದ ದಿಣ್ಣೆ ಹತ್ತಿಸಿ ವೇದಿಕೆಗೆ ತಳ್ಳುವವರು ಅಭಿಮಾನಿಗಳು. ಇದಕ್ಕೆ ಸಂಬಳವಿಲ್ಲ, ಹೆಸರಿಲ್ಲ, ಬಹುಮಾನದಲ್ಲಿ ಪಾಲಿಲ್ಲ. ಬೆನ್ನು ಹಿಡಿದುಕೊಂಡರೆ ಎಣ್ಣೆ ತಿಕ್ಕಿಕೊಳ್ಳುವ ಖರ್ಚೂ ನಮ್ಮದೇ. ಲಾಭ-ನಷ್ಟ ಹಾಕಿ ನೋಡುವ ಯಾವ ಬುದ್ಧಿವಂತನೂ ಈ ಕೆಲಸಕ್ಕೆ ಬರುವುದಿಲ್ಲ. ಲಾಭ-ನಷ್ಟ ನೋಡಿಯೇ ತಲೆಯ ಮೇಲಿನ ಒಂದು ಜೋಳದ ಸೂಪಿನ ಪಾತ್ರೆಯಿಂದ ಮೂರು ಅಂಗಡಿಗೆ ಬಂದವಳು ನಾನು. ಆದರೂ ವರ್ಷವರ್ಷವೂ ನಮ್ಮ ಡ್ರೈ ರಿವರ್ ಕೇರಿಯ ಕಾಂಕರರ್ಸ್ ವಾದ್ಯವೃಂದದ, ತಗ್ಗುಸ್ವರದ ದೊಡ್ಡ ಪೀಪಾಯಿಗಳನ್ನು ಹೊತ್ತ ಬಾಸ್ ಗಾಡಿಗೆ ಭುಜ ಕೊಡುತ್ತೇನೆ. ಯಾಕೆಂದರೆ ಆ ಗಾಡಿಯ ಮೇಲಿರುವುದು ಲೆಜಾಮಾ ಮೇಷ್ಟ್ರ ಸಂಗೀತ.

ಮೇಷ್ಟ್ರು ಕಾಗದದ ಮೇಲೆ ಏನನ್ನೂ ಬರೆಯುವವರಲ್ಲ. ಒಬ್ಬೊಬ್ಬ ವಾದಕನ ಕಿವಿಯ ಹತ್ತಿರ ಬಗ್ಗಿ ಅವನ ಪಾಲಿನ ತುಣುಕನ್ನು ಗುನುಗಿ ಹೇಳುತ್ತಾರೆ. ಅವನು ಹಿಡಿದ ಮೇಲೆ ಮುಂದಿನವನು. ಹೀಗೆ ನೂರು ಜನರ ಒಳಗೆ ಹಂಚಿ ಇಟ್ಟಿದ್ದು ಒಂದು ದಿನ ಒಟ್ಟಾಗಿ ಎದ್ದು ನಿಂತಾಗ, ನನ್ನ ಅಂಗಡಿಯ ಸಾಲಿನಲ್ಲಿ ನಿಂತವರು ಸೂಪು ಮರೆಯುತ್ತಾರೆ. ಆದರೆ ನಡುವೆ ಅವರಿಗೆ ಕಾಯಿಲೆ ಬರುತ್ತದೆ. ಇಪ್ಪತ್ತರ ಹರೆಯದಿಂದಲೂ ಇರುವ ಮನಸ್ಸಿನ ಕಾಯಿಲೆ. ಬಂದಾಗ ಅಕ್ಕ ಹಯಸಿಂತಳ ಮನೆಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಹೆಚ್ಚಾದರೆ ಆಸ್ಪತ್ರೆ. ಆಗ ವಾದ್ಯವೃಂದ ಏನು ಮಾಡುತ್ತದೆ, ಗೊತ್ತೇ? ಅವರು ಎಲ್ಲಿಗೆ ಬಿಟ್ಟರೋ ಅಲ್ಲಿಯವರೆಗಿನ ತುಣುಕನ್ನೇ ಮತ್ತೆ ಮತ್ತೆ ಬಾರಿಸುತ್ತದೆ. ಒಂದು ವರ್ಷ ವಾರಗಟ್ಟಲೆ ಅದೇ ತುಣುಕು. ಬೇರೆ ಬೀದಿಯ ಒಬ್ಬ ಪುಂಡ ಸೂಪು ಕುಡಿಯಲು ಬಂದು, ಎಲ್ಲರಂತೆ ನನ್ನನ್ನು ಟಾಂಟಿ, ಅಂದರೆ ಚಿಕ್ಕಮ್ಮ, ಎಂದು ಕರೆದು ಕೆಣಕಿದ:

"ಏನ್ ಟಾಂಟಿ, ನಿಮ್ ಬ್ಯಾಂಡಿಂದು ಸೂಜಿ ಸಿಕ್ಕಾಕೊಂಡಿದ್ಯಾ?"

"ಮೇಷ್ಟ್ರು ಹೊರಗ್ ಹೋಗಿದಾರೆ ಕಣಯ್ಯಾ. ಬಂದ್ಮೇಲೆ ಮುಂದಿಂದು."

"ಎಲ್ಲಿಗ್ ಹೋಗಿದಾರಂತೆ?"

"ಅದ್ ಅವರಿಗೇ ಗೊತ್ತಿದ್ರೆ ಇಷ್ಟೊತ್ತಿಗೆ ಬಂದಿರ್ತಿದ್ರು. ನಿಂಗ್ ಸೂಪ್ ಬೇಕೋ, ವಿಳಾಸ ಬೇಕೋ?"

ಬೇರೆ ಸಂಯೋಜಕನನ್ನು ಕರೆಸಿ ಎಂದು ಒಬ್ಬನೇ ಒಬ್ಬ ವಾದಕ ಕೇಳಲಿಲ್ಲ. ಮೇಷ್ಟ್ರು ಬಂದರು. ಅಂಗಳದ ಗೇಟಿನ ಹತ್ತಿರ ನಿಂತು ಕೇಳಿ, "ಇನ್ನೂ ಇಲ್ಲೇ ಇದೀರಾ? ನಾನ್ ಎಷ್ಟ್ ದೂರ ಹೋಗ್ಬಂದೆ" ಎಂದರು. ಎಲ್ಲರೂ ನಕ್ಕರು. ಅಲ್ಲಿಂದ ಮುಂದಿನದನ್ನು ಗುನುಗಿದರು.

ನಾವು ಸಂತರು ಎಂದು ತಾವು ತಿಳಿಯಬೇಡಿ. ಅವರನ್ನು ಹುಚ್ಚ ಎಂದು ಕರೆದ ಬಾಯಿಗಳು ನಮ್ಮ ಬೀದಿಯಲ್ಲೂ ಇದ್ದವು, ಕೆಲವು ಇನ್ನೂ ಇವೆ. ಅವರ ಸಂಗೀತ ಚೆನ್ನಾಗಿ ಕೂತ ವರ್ಷ ನನ್ನ ವ್ಯಾಪಾರವೂ ಚೆನ್ನಾಗಿ ಕೂರುತ್ತದೆ. ಹಾಗಾಗಿ ನನ್ನ ಪ್ರೀತಿಯಲ್ಲಿ ಎಷ್ಟು ಜೋಳ, ಎಷ್ಟು ನೀರು ಎಂದು ತಾವು ಕೇಳಬಹುದು. ಕೇಳಿ. ಆದರೆ ತಮ್ಮ ಪ್ರೀತಿಯನ್ನೂ ಅದೇ ತಕ್ಕಡಿಯಲ್ಲಿ ಇಡೋಣ.

ಕೆಲವು ವರ್ಷಗಳ ಹಿಂದೆ ಕಾಂಕರರ್ಸ್ ಗೆದ್ದಾಗ ತಮ್ಮ ಹಿಂದಿನ ಒಬ್ಬ ಮಹನೀಯರು ಮೇಷ್ಟ್ರನ್ನು ತೋಳು ಹಿಡಿದು ವೇದಿಕೆಗೆ ಎಳೆತಂದರು. ಮೈದಾನದ ದೀಪಗಳನ್ನೆಲ್ಲ ಅವರ ಮುಖಕ್ಕೆ ತಿರುಗಿಸಿದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ನಮಗೇನು ಗೊತ್ತು? ಮೇಷ್ಟ್ರು ಕಪ್ ಅನ್ನು ನೆಲದ ಮೇಲೆ ಮೆಲ್ಲಗೆ ಇಟ್ಟು, ಎರಡು ಕಿವಿಯನ್ನೂ ಮುಚ್ಚಿಕೊಂಡು ಮೆಟ್ಟಿಲಿಳಿದು ಹೋದರು. ಆಮೇಲೆ ಮಾವಿನ ಕಾಲ ಮುಗಿಯುವವರೆಗೂ ಆಸ್ಪತ್ರೆಯಲ್ಲಿದ್ದರು. ನೋಡಲು ಹೋದಾಗ ಹಯಸಿಂತಳ ಎದುರಿಗೇ ನನಗೆ ಹೇಳಿದರು: "ಪ್ಯಾನ್ ಸದ್ದು ಬಂದಂಗ್ ಬರುತ್ತೆ, ಹೋಗುತ್ತೆ. ಚಪ್ಪಾಳೆ ಹಂಗಲ್ಲ ಟಾಂಟಿ. ಒಂದೊಂದು ಚಪ್ಪಾಳೇಲೂ ಒಬ್ಬೊಬ್ಬ ನಿಂತ್ಕೊಂಡು ನನ್ ಹೆಸರು ಕರೀತಾನೆ. ಎಷ್ಟ್ ಜನಕ್ಕೆ ಓ ಅನ್ಲಿ?"

ಮರುವರ್ಷ ಅವರು ಬರುವುದಿಲ್ಲ ಎಂದುಕೊಂಡಿದ್ದೆವು. ಗಾಡಿಗಳು ಹೊರಡುವ ಹೊತ್ತಿಗೆ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ ಒಬ್ಬ ಸಣಕಲು ಮನುಷ್ಯ ನಮ್ಮದೇ ಬಣ್ಣದ ಅಂಗಿ ತೊಟ್ಟು ಬಾಸ್ ಗಾಡಿಯ ಹಿಂದೆ ಬಂದು ನಿಂತ. ತಳ್ಳುವವರ ಮುಖಂಡ ಫರ್ಡಿ ಒಮ್ಮೆ ನೋಡಿದ. ಗುರುತು ಸಿಕ್ಕಿತು. ನನಗೂ ಸಿಕ್ಕಿತು, ಎಲ್ಲರಿಗೂ ಸಿಕ್ಕಿತು. ಫರ್ಡಿ ಗಂಟಲು ಸರಿಮಾಡಿಕೊಂಡು ಗದರಿದ:

"ಏನಯ್ಯಾ, ನೋಡ್ತಾ ನಿಲ್ಲೋಕೆ ಬಂದಿದೀಯಾ? ಕೈ ಹಾಕು! ಎಡಮೂಲೆ ಹಿಡ್ಕೋ!"

ಮೇಷ್ಟ್ರು ಕೈ ಹಾಕಿದರು. ದಿಣ್ಣೆ ಹತ್ತಿಸಿದೆವು. ವಾದನ ಮುಗಿಯುವವರೆಗೆ ಗಾಡಿಯ ಹಿಂದೆ ನಮ್ಮ ಜೊತೆ ಕುಕ್ಕರುಗಾಲಿನಲ್ಲಿ ಕೂತು, ತಾವೇ ನೂರು ಜನರೊಳಗೆ ಇಟ್ಟದ್ದನ್ನು ತಲೆ ತಗ್ಗಿಸಿ ಕೇಳಿದರು. ಮೈದಾನವೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ನಮ್ಮೆಲ್ಲರ ತಲೆಯ ಮೇಲೆ ಹಾದುಹೋಯಿತು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಅಂದಿನಿಂದ ಇಂದಿನವರೆಗೆ ಪ್ರತಿ ವರ್ಷವೂ ಹೀಗೆಯೇ. ಇಡೀ ಡ್ರೈ ರಿವರ್‌ಗೆ ಗೊತ್ತು, ಒಬ್ಬರೂ ಆ ಕಡೆ ತಿರುಗಿ ನೋಡುವುದಿಲ್ಲ. ನಾನು ಹುಟ್ಟಿದ ಊರೆಲ್ಲ ಬಾಯಿಬಡುಕ, ಪಕ್ಕದ ಮನೆಯ ಸಾರಿಗೆ ಉಪ್ಪು ಹೆಚ್ಚಾದರೂ ಬೀದಿಗೆ ಸುದ್ದಿ. ಅಂಥ ಜನ ಒಬ್ಬ ಮನುಷ್ಯನಿಗಾಗಿ ಕಣ್ಣು ಬೇರೆ ಕಡೆ ತಿರುಗಿಸುವುದನ್ನು ಕಲಿತರು. ಇದಕ್ಕೆ ಅಭಿಮಾನ ಎನ್ನುತ್ತಾರೆ, ಮಾನ್ಯರೇ. ಮೂರಂತಸ್ತಿನ ಚಿತ್ರಕ್ಕೆ ಏನೆನ್ನುತ್ತಾರೋ ತಾವೇ ಹೇಳಬೇಕು. ನಮ್ಮ ಕಡೆ ಬಟ್ಟೆ ದಂಡ ಎನ್ನುತ್ತೇವೆ.

ಈಗ ತಮ್ಮ ಹೊಸ ನಿಯಮಕ್ಕೆ ಬರೋಣ. ಈ ವರ್ಷದಿಂದ ತಳ್ಳುವವರೆಲ್ಲರ ಕತ್ತಿನಲ್ಲಿ ಭಾವಚಿತ್ರದ ಬಿಲ್ಲೆ ಇರಬೇಕು. ಬಿಲ್ಲೆ ಬೇಕಾದರೆ ದೇಹವೂ ಮನಸ್ಸೂ ಸ್ವಸ್ಥ ಎಂದು ತಮ್ಮ ವೈದ್ಯರು ಒಪ್ಪಬೇಕು. ನಾವೆಲ್ಲ ಸಾಲಾಗಿ ಹೋದೆವು. ವೈದ್ಯರು ಮೇಜಿನಿಂದ ತಲೆ ಎತ್ತಲಿಲ್ಲ. ನನ್ನ ಸರದಿ ಬಂದಾಗ, "ಬೇರೆಯವರಿಗೆ ಕೇಳಿಸದ ಸದ್ದು ಏನಾದ್ರೂ ಕೇಳ್ಸುತ್ತಾ?" ಎಂದರು.

"ಪ್ಯಾನ್ ಅಂಗಳದ ಬಾಗಿಲಲ್ಲಿ ವ್ಯಾಪಾರ ಮಾಡ್ತೀನಿ ಡಾಕ್ಟ್ರೇ. ಬೇರೆಯವರಿಗೆ ಕೇಳ್ಸೋದೇ ನಂಗ್ ಕೇಳ್ಸಲ್ಲ" ಎಂದೆ. ಠಪ್ಪೆಂದು ಮುದ್ರೆ ಬಿತ್ತು. ಫರ್ಡಿ ಗಾಡಿಯ ಚಕ್ರದ ಜೊತೆ ಮಾತಾಡುತ್ತಾನೆ, ಅದು ಮುನಿಸಿಕೊಂಡರೆ ಸಮಾಧಾನ ಮಾಡುತ್ತಾನೆ. ಅವನಿಗೂ ಮುದ್ರೆ. ನಂತರ ಮೇಷ್ಟ್ರ ಸರದಿ. ಅದೇ ಪ್ರಶ್ನೆ. ಅವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಸ್ವಲ್ಪ ಯೋಚಿಸಿ ಹೇಳಿದರು: "ಕೇಳ್ಸುತ್ತೆ. ಅದೇ ನನ್ ಕೆಲಸ."

ಆಗ ವೈದ್ಯರು ತಲೆ ಎತ್ತಿದರು. ಹೆಸರು ಓದಿದರು. ಮುದ್ರೆ ಬೀಳಲಿಲ್ಲ.

ಅವರನ್ನು ವರ್ಷಗಳಿಂದ ನೋಡಿಕೊಳ್ಳುತ್ತಿರುವ ಆಸ್ಪತ್ರೆಯ ದೊಡ್ಡ ವೈದ್ಯರೇ ತಮಗೆ ಹೇಳಿದರು: ಮೇಷ್ಟ್ರು ತಳ್ಳಲಿ, ಅದರಿಂದ ಅವರಿಗೆ ಒಳ್ಳೆಯದೇ ಆಗಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ತಮಗಾಗಿಯೇ ಹುಟ್ಟಿರಬೇಕು. ಹಯಸಿಂತ, ಫರ್ಡಿ ಮತ್ತು ನಾನು ಮೂವರೂ ತಮ್ಮ ಕಚೇರಿಗೆ ಬಂದೆವು. ತಾವು ಬಹಳ ಮರ್ಯಾದೆಯಿಂದ ಕೂರಿಸಿದಿರಿ.

"ಅಮ್ಮಾ, ನಾವು ಅವರಿಗೆ ಗೌರವ ಕೊಡ್ತಿದೀವಿ" ಎಂದಿರಿ. "ವೇದಿಕೆ ಮುಂದೆ ವಿಶೇಷ ಕುರ್ಚಿ. ಅಕ್ಕಪಕ್ಕ ಇಬ್ಬರು ನರ್ಸ್. ಒಂದು ನಿಮಿಷ ದೀಪ ಅವರ ಮೇಲೆ. ಇಂಥ ಕಾಯಿಲೆ ಬಗ್ಗೆ ಜನಕ್ಕೆ ತಿಳುವಳಿಕೆ ಬರುತ್ತೆ."

ಹಯಸಿಂತ ಹೆಚ್ಚು ಮಾತಿನವಳಲ್ಲ. "ಸಾರ್, ಜನಕ್ಕೆ ತಿಳುವಳಿಕೆ ಇದೆ. ದೀಪ ಬಿದ್ರೆ ನನ್ ತಮ್ಮ ಮತ್ತೆ ಆಸ್ಪತ್ರೆಗೆ ಹೋಗ್ತಾನೆ" ಎಂದಳು. "ವರ್ಷಾ ಪೂರ್ತಿ ಅವನು ಮಾತ್ರೆ ನುಂಗೋದು ಈ ಒಂದ್ ದಿನ ತಳ್ಳೋಕೆ. ಕೈ ನಡುಗುತ್ತೆ, ಬಾಯಿ ಒಣಗುತ್ತೆ, ಆದ್ರೂ ನುಂಗ್ತಾನೆ. ಈಗ ಬೆಳಿಗ್ಗೆ ಎದ್ರೆ ಬಿಲ್ಲೆ ಬಂತಾ ಅಂತಾನೆ. ನಾನೇನ್ ಹೇಳ್ಲಿ?"

"ನಿಯಮ ಎಲ್ಲರಿಗೂ ಒಂದೇ ಅಲ್ವೇನಮ್ಮಾ? ನಾಳೆ ಏನಾದ್ರೂ ಅನಾಹುತ ಆದ್ರೆ?"

ಫರ್ಡಿಗೆ ತಡೆಯಲಾಗಲಿಲ್ಲ. "ಹೋದ್ ವರ್ಷ ವೇದಿಕೆಯಿಂದ ಬಿದ್ದೋರು ಒಬ್ರೇ ಸಾರ್, ನಿಮ್ಮ ಗಣ್ಯ ಅತಿಥಿ. ಕುಡಿದಿದ್ರು. ಅವರನ್ನ ಎತ್ತಿ ಕೂರ್ಸಿದ್ದು ಯಾರು ಗೊತ್ತಾ? ಲೆಜಾಮಾ ಮೇಷ್ಟ್ರು."

ತಾವು ಗಡಿಯಾರ ನೋಡಿಕೊಂಡಿರಿ. ನಾವು ಎದ್ದೆವು. ಮನೆಗೆ ಹೋಗಿ ಕುರ್ಚಿಯ ವಿಷಯ ಹೇಳಿದಾಗ ಮೇಷ್ಟ್ರು ಕೇಳಿದರು: "ಆ ಕುರ್ಚಿಗೆ ಚಕ್ರ ಇದ್ಯಾ? ಇದ್ರೆ ಅದನ್ನ ತಳ್ಳೋರಿಗೂ ಬಿಲ್ಲೆ ಬೇಕಾ?" ನಾವು ನಕ್ಕೆವು. ಅವರು ನಗಲಿಲ್ಲ. ಎದ್ದು ಹಿಂದಿನ ಕೋಣೆಗೆ ಹೋದರು. ಮರುದಿನ ಬೆಳಿಗ್ಗೆ ಮಾತ್ರೆ ತಟ್ಟೆಯಲ್ಲೇ ಉಳಿದಿತ್ತು ಎಂದು ಹಯಸಿಂತ ಹೇಳಿದಳು. ನಿನ್ನೆಯೂ ಉಳಿದಿತ್ತು. ಇದು ತಮ್ಮ ತಿಳುವಳಿಕೆ ಕಾರ್ಯಕ್ರಮದ ಈವರೆಗಿನ ಫಲ.

ತಮ್ಮ ನಿಯಮವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಸ್ವಸ್ಥ ಮನಸ್ಸಿನವರು ಮಾತ್ರ ತಳ್ಳಬೇಕಂತೆ. ಸ್ವಾಮೀ, ಸ್ವಸ್ಥ ಮನಸ್ಸಿನವರು ಯಾರಾದರೂ ಇನ್ನೊಬ್ಬರ ಸಂಗೀತವನ್ನು ಬಿಸಿಲಿನಲ್ಲಿ, ಬಿಟ್ಟಿಯಾಗಿ, ಏರುದಾರಿಯಲ್ಲಿ ತಳ್ಳುತ್ತಾರೆಯೇ? ನಿಯಮವನ್ನು ನೆಟ್ಟಗೆ ಪಾಲಿಸಿದರೆ ಟ್ರಿನಿಡಾಡಿನ ಒಂದು ವಾದ್ಯವೃಂದವೂ ಅಂಗಳ ಬಿಟ್ಟು ಕದಲುವುದಿಲ್ಲ. ತಾವು, ತಮ್ಮ ಸಮಿತಿ, ಆ ಬಿದ್ದ ಅತಿಥಿ ಇಷ್ಟೇ ಜನ ಸ್ವಸ್ಥರು. ವೇದಿಕೆಯ ಮೇಲೆ ತಾವೇ ತಟ್ಟೆ ಬಡಿದುಕೊಂಡು ಕೂರಬೇಕಾಗುತ್ತದೆ. ಇನ್ನೊಂದು ಮಾತು: ಅವರ ತಲೆಯೊಳಗಿಂದ ಬಂದ ಸಂಗೀತ ವೇದಿಕೆ ಹತ್ತಬಹುದು, ಟಿಕೆಟ್ಟಿಗೆ ಜನ ತರಬಹುದು, ತಮ್ಮ ಭಾಷಣಕ್ಕೆ ಅಲಂಕಾರವಾಗಬಹುದು, ಆ ತಲೆ ಮಾತ್ರ ದಿಣ್ಣೆ ಹತ್ತಬಾರದು. ಹಸುವನ್ನು ಗೇಟಿನಾಚೆ ಕಟ್ಟಿ ಹಾಲನ್ನಷ್ಟೇ ಒಳಗೆ ಬಿಟ್ಟುಕೊಳ್ಳುವ ಈ ಲೆಕ್ಕ ಸುಂಕದ ಕಟ್ಟೆಯಲ್ಲಿ ಕಲಿತದ್ದೋ?

ನಮ್ಮ ಬೇಡಿಕೆ ಇಷ್ಟು. ಆ ಚಿತ್ರವನ್ನು ಶನಿವಾರಕ್ಕೆ ಮೊದಲು ಇಳಿಸಿ. ಕುರ್ಚಿಯನ್ನು ಯಾರಾದರೂ ಕಾಲುನೋವಿನ ಅಜ್ಜಿಗೆ ಕೊಡಿ. ದೀಪ ಹಿಡಿಯುವವನಿಗೆ, ಕಾಂಕರರ್ಸ್ ಬರುವಾಗ ಗಾಡಿಯ ಹಿಂದಕ್ಕೆ ತಿರುಗಿಸಬೇಡ ಎಂದು ಹೇಳಿ. ಮತ್ತು ಲೆಜಾಮಾ ಮೇಷ್ಟ್ರಿಗೆ ಒಂದು ಬಿಲ್ಲೆ ಕೊಡಿ. ಶುಕ್ರವಾರದೊಳಗೆ, ಸುದ್ದಿಗಾರರಿಲ್ಲದೆ, ಹಯಸಿಂತಳ ಕೈಗೆ. ಕೊಡದಿದ್ದರೆ ಏನಾಗುತ್ತದೆಂದು ಬೆದರಿಕೆ ಹಾಕುವವಳು ನಾನಲ್ಲ, ಆಗುವುದನ್ನು ಹೇಳುತ್ತೇನೆ. ನಮ್ಮ ಬಿಲ್ಲೆಗಳನ್ನೆಲ್ಲ ಬಿಚ್ಚಿ ಫರ್ಡಿಯ ಒಂದು ಚೀಲದಲ್ಲಿ ಹಾಕಿದ್ದೇವೆ. ಬಾಸ್ ಗಾಡಿಯ ಎಡಮೂಲೆಗೆ ಒಬ್ಬರು ಇಲ್ಲದೆ ಅದು ದಿಣ್ಣೆ ಹತ್ತುವುದಿಲ್ಲ, ಬಾಸ್ ಗಾಡಿ ಹತ್ತದೆ ಹಿಂದಿನ ಒಂದು ಗಾಡಿಯೂ ಹತ್ತುವುದಿಲ್ಲ. ಮೇಷ್ಟ್ರನ್ನು ಬಿಡಲು ತಮಗೆ ಅಷ್ಟು ಭಯವಾದರೆ, ಆ ಮೂಲೆಗೆ ತಾವೇ ಬನ್ನಿ. ಕೋಟು ಬಿಚ್ಚಿಟ್ಟು ಬನ್ನಿ, ಗ್ರೀಸು ಮೆತ್ತುತ್ತದೆ. ಅಲ್ಲಿ ತಲೆ ತಗ್ಗಿಸಿ ತಳ್ಳುವಾಗ ಪಕ್ಕದವರ ಮುಖ ಕಾಣುವುದಿಲ್ಲ, ಭುಜ ಮಾತ್ರ ತಗಲುತ್ತದೆ. ಆ ಭುಜಗಳಲ್ಲಿ ಯಾರದು ಸ್ವಸ್ಥ ಮನಸ್ಸು, ಯಾರದು ಅಲ್ಲ ಎಂದು ದಿಣ್ಣೆ ಮುಗಿಯುವುದರೊಳಗೆ ಹೇಳಿ, ನೋಡೋಣ.

ಇಂತಿ,
ತಮ್ಮ ವೈದ್ಯರ ಮುದ್ರೆಯ ಪ್ರಕಾರ ತಲೆ ನೆಟ್ಟಗಿರುವ, ಆ ಬಗ್ಗೆ ಸ್ವತಃ ಅನುಮಾನವಿರುವ
ಕ್ಲೋಟಿಲ್ ಡೆಲೀಲ್
ಜೋಳದ ಸೂಪಿನ ವ್ಯಾಪಾರಿ, ಡ್ರೈ ರಿವರ್