ಪಕ್ಕದ ಸೀಟಿನ ಭಾರ

ಸ್ವೇಲ್‌ಡೇಲ್, ಯಾರ್ಕ್‌ಶೈರ್
ಮಂಗಳವಾರ

ಪ್ರೀತಿಯ ವಿಲ್ಫ್,

ಶನಿವಾರ ನಿನ್ನನ್ನು ಆಸ್ಪತ್ರೆಯಿಂದ ಕರೆತರಲು ನಾನೇ ಬರುತ್ತೇನೆ. ಹಿಮ ಬಿದ್ದು ಬಸ್ಸು ನಿಂತಿದೆ. ಈ ಪತ್ರವನ್ನೂ ಹಾಲಿನ ಲಾರಿಯವನ ಕೈಲಿ ಕಳಿಸುತ್ತಿದ್ದೇನೆ. ಬೈಯಬೇಡ, ನಿನ್ನ ಪುಟ್ಟ ಸ್ಪೋರ್ಟ್ಸ್ ಕಾರನ್ನು ಇವತ್ತು ಸೇತುವೆವರೆಗೆ ಓಡಿಸಿ ನೋಡಿದೆ. ತಿರುವಿನಲ್ಲಿ ಒಮ್ಮೆ ಜಾರಿ, ಪಕ್ಕದ ಮನೆ ಮೆಟ್‌ಕಾಫ್‌ನ ಕುರಿಗಳಿಗೆ ಬೆನ್ನು ತೋರಿಸಿ ನಿಂತಿತು, ಅಷ್ಟೇ.

ಹಿಮ ಬಿದ್ದಾಗಲೆಲ್ಲ ನೀನು, "ಬಾರೇ ಹೆಟ್ಟಿ, ಗಾಡಿ ತುಂಬಾ ಹಗುರ. ಪಕ್ಕದಲ್ಲಿ ಭಾರ ಇಲ್ದಿದ್ರೆ ಜಾರುತ್ತೆ" ಎಂದು ಕರೆಯುತ್ತಿದ್ದೆ. ನಾನು ಒಲೆ ಆರಿಸಿ, ಗೊಣಗುತ್ತಾ ಬಂದು ಕೂರುತ್ತಿದ್ದೆ. ಇವತ್ತು ಅದನ್ನು ಹೇಳಿದರೆ ಮೆಟ್‌ಕಾಫ್ ನಕ್ಕುಬಿಟ್ಟ. "ಪಕ್ಕದಲ್ಲಲ್ಲ ತಾಯೀ, ಭಾರ ಬೇಕಿರೋದು ಹಿಂದಿನ ಚಕ್ರದ ಮೇಲೆ. ಡಿಕ್ಕೀಲಿ ಮರಳಿನ ಮೂಟೆ ಇಡು, ಸಾಕು."

ಡಿಕ್ಕಿ ತೆರೆದೆ. ಎರಡು ಹಳೆಯ ಮೂಟೆ ಆಗಲೇ ಇದ್ದವು, ನೀನೇ ಗಂಟು ಹಾಕಿದವು.

ಮೆಟ್‌ಕಾಫ್‌ಗೆ ಕಾಣದ ಹಾಗೆ ಡಿಕ್ಕಿ ಮುಚ್ಚಿದೆ.

ದಪ್ಪ ಕಾಲುಚೀಲ, ಉಣ್ಣೆ ಟೋಪಿ ಹಾಕಿಕೊಂಡು ಸಿದ್ಧವಾಗಿರು. ಆಂಬುಲೆನ್ಸ್‌ನಲ್ಲಿ ಕಳಿಸುತ್ತೇವೆ ಎಂದು ನರ್ಸ್ ಹೇಳಿದರೆ ಒಪ್ಪಬೇಡ. ಗಾಡಿ ತುಂಬಾ ಹಗುರ. ನನಗೆ ಪಕ್ಕದಲ್ಲಿ ಭಾರ ಬೇಕು.

ನಿನ್ನ
ಹೆಟ್ಟಿ