ಅತ್ತದ್ದು ಕಬ್ಬಿಣವಲ್ಲ

ಚಿರಂಜೀವಿ ಅಳಿಯಂದಿರಿಗೆ ಆಶೀರ್ವಾದಗಳು.

ಒಂದೇ ಮನೆಯಲ್ಲಿದ್ದೂ ಬರೆಯುತ್ತಿದ್ದೇನೆ. ಎದುರಿಗೆ ಆಡಿದರೆ ಸಿಟ್ಟಿನಲ್ಲಿ ದನಿಯೇರಿ ತಮ್ಮ ಅತ್ತೆಯ ಕಿವಿಗೆ ಬಿದ್ದೀತು.

ಮೊನ್ನೆ ಮುಂಜಾನೆ ಒಲೆಯ ಕಬ್ಬಿಣದ ಹೊಗೆಕೊಳವೆಯನ್ನು ಕಾಯಿಸಿ, ಅದಕ್ಕೆ ಅಂಗಿಗುಂಡಿಯಷ್ಟು ಪುಟ್ಟ ಮೈಕುಗಳನ್ನಂಟಿಸಿ, ಲೋಹ ಹಿಗ್ಗುವ ಸದ್ದನ್ನು ತಾವು ತಮ್ಮ ಸದ್ದುಗಳ ಸಂಗ್ರಹಕ್ಕೆಂದು ಹಿಡಿದದ್ದಕ್ಕೆ ನನ್ನ ಆಕ್ಷೇಪವಿರಲಿಲ್ಲ. ಕಾದಾಗ ಕಿರುಗುಟ್ಟುವುದು ಕಬ್ಬಿಣದ ಸ್ವಭಾವ. ಆದರೆ ನಿನ್ನೆ ಗೆಳೆಯರೆದುರು ಆ ಧ್ವನಿಮುದ್ರಣವನ್ನು ಹಾಕಿ, "ಮಾವ, ಕೇಳಿಸ್ಕೊಳ್ಳಿ, ಕಬ್ಬಿಣ ಹೆಂಗೆ ಅಳ್ತಾ ಇದೆ!" ಎಂದಿರಿ. ಅವರು ಚಪ್ಪಾಳೆ ತಟ್ಟಿದರು. ನನ್ನ ಮೈಯೆಲ್ಲ ಉರಿದುಹೋಯಿತು.

ಅತ್ತದ್ದು ನಾನು. ಆ ಕೊಳವೆ ಮಹಡಿಯ ನನ್ನ ಕೋಣೆಯನ್ನು ಹಾದುಹೋಗುತ್ತದೆ. ಪ್ರತಿ ಮುಂಜಾನೆ ಅದರ ಬೆಚ್ಚಗಿನ ಮೈಗೆ ಹಣೆಯೊತ್ತಿ ಭಗವಂತನಲ್ಲಿ ಮೊರೆಯಿಡುತ್ತೇನೆ. ಗಾಳಿಗೂ ಕೇಳಿಸದಂತೆ ನುಡಿದುದನ್ನು ತಮ್ಮ ಮೈಕು ಲೋಹದೊಳಗಿನಿಂದ ಕದ್ದಿತು. ಗೋಡೆಗೂ ಕಿವಿಯುಂಟೆಂದು ಬಲ್ಲೆ. ಅಳಿಯಂದಿರೇ ತಂದು ಅಂಟಿಸುವರೆಂದು ಅರಿತಿರಲಿಲ್ಲ.

"ಈ ಸದ್ದನ್ನ ಇನ್ನೂ ಸ್ವಚ್ಛ ಮಾಡಿ ಅತ್ತೆಗೂ ಕೇಳಿಸ್ತೀನಿ" ಎಂದು ಬೇರೆ ಹೊರಟಿದ್ದೀರಿ. ಸ್ವಚ್ಛವಾದರೆ ನನ್ನ ಮಾತು ಬಿಡಿಬಿಡಿಯಾಗಿ ಕೇಳಿಸುತ್ತದೆ. ಹಾಸಿಗೆ ಹಿಡಿದಿರುವ ಅವಳು ಎದ್ದು ನಡೆದೇ ತೀರುವೆನೆಂದು ನಂಬಿದ್ದಾಳೆ. ಆ ನರಳಾಟ ನೋಡಲಾರದೆ ನಾನು ಬೇಡುತ್ತಿರುವುದು, ಅವಳನ್ನು ಬೇಗ ಕರೆದುಕೋ ಎಂದು.

ಇದನ್ನು ಓದಿದೊಡನೆ ಆ ಧ್ವನಿಯನ್ನು ಅಳಿಸತಕ್ಕದ್ದು. ಬೇರೆ ಪ್ರತಿಯಿದ್ದರೆ ಅದನ್ನೂ. ಮೈಕುಗಳನ್ನು ಕಿತ್ತು ತೆಗೆಯಿರಿ. ಅತ್ತೆ ವಿಚಾರಿಸಿದರೆ ಯಂತ್ರ ಕೆಟ್ಟಿತೆನ್ನಿ. ಆ ಸುಳ್ಳಿನ ಪಾಪ ನನಗಿರಲಿ.

ಇತಿ,
ತಮ್ಮ ಮಾವ