ವಸ್ತಾದರ ಕಲ್ಲು ಯಾವ ಗೋರಿಗೆ

ವಸ್ತಾದರೇ,

ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ನಿಮಗೆ ಗೊತ್ತಿದ್ದದ್ದೇ. ಈ ವಯಸ್ಸಿನಲ್ಲಿ ನಿಮ್ಮ ಮೊಮ್ಮಗಳು ರುಬೀನಾ ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾಳೆ. ಟೀಚರ್ ಆದದ್ದೇ ಆಯಿತು, ಕಂಡವರೆಲ್ಲ ಅವಳಿಗೆ ವಿದ್ಯಾರ್ಥಿಗಳೇ. "ಕಾಕಾ, ಖಬರಸ್ತಾನ ಕಮಿಟಿಯವರ ಮುಂದ ಬರೇ ಒದರತೀರಿ, ಯಾರಿಗೂ ಏನೂ ತಿಳಿಯಂಗಿಲ್ಲ. ಅಜ್ಜಗ ಏನ್ ಹೇಳೋದೈತಿ ಅದನ್ನ ಬರದ ಕೊಡ್ರಿ, ನಾ ಅವರಿಗೆ ಓದಿ ಹೇಳ್ತೀನಿ" ಅಂದಳು. ಒದರದೆ ಏನು ಮಾಡಲಿ? ನಿಮ್ಮ ಹೆಸರು ಕೊರೆದ ಕಲ್ಲು ಖಬರಸ್ತಾನದ ಗೋಡೆಗೆ ಒರಗಿ ನಿಂತಿದೆ. ಅದನ್ನು ನೆಡೋಣವೆಂದರೆ ನಿಮ್ಮ ಗೋರಿ ಯಾವುದೆಂದು ಇಡೀ ಕೊಪ್ಪಳದಲ್ಲಿ ಒಬ್ಬರಿಗೂ ಗೊತ್ತಿಲ್ಲ.

ನಾನು ಗರಡಿಗೆ ಬಂದ ಮೊದಲ ದಿನ ನೆನಪಿದೆಯೇ? ಮಾಸ್ತರರು ಹೊಡೆದರೆಂದು ಅವರ ಮುಂದೆಯೇ ಪಾಟಿ ಒಡೆದು ಓಡಿ ಬಂದಿದ್ದೆ. ಅವ್ವ ನನ್ನನ್ನು ಎಳೆದು ತಂದು ನಿಮ್ಮೆದುರು ನಿಲ್ಲಿಸಿದಳು. "ಇವನ ಸಿಟ್ಟು ನನಗ ಸಾಕಾಗೈತ್ರಿ ಸಾಹೇಬ್ರ, ನೀವರ ತಗೋರ್ರಿ." ನೀವು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಿಟ್ಟು ಭಾಳ ಐತಿ, ಮೈಯಾಗ ಖಂಡಾನ ಇಲ್ಲಲ್ಲೋ ಯಮನೂರಾ. ಮೊದಲ ಮಣ್ಣು ಹದಾ ಮಾಡೋದು ಕಲಿ" ಅಂದು ಕೈಗೆ ಸಲಿಕೆ ಕೊಟ್ಟಿರಿ. ಕುಸ್ತಿ ಕಲಿಯಲು ಬಂದವನು ಮಳೆಗಾಲ ಮುಗಿಯುವವರೆಗೂ ಮಣ್ಣನ್ನೇ ಕಲಿತೆ. ಕೆಮ್ಮಣ್ಣು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆಹುಳಿ ಹಾಕಿ ತುಳಿಯಬೇಕು. ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ಕಣಕ್ಕೆ ಇಳಿಯುವ ಮುಂಚೆ ಹಣೆಗೆ ಚಿಟಿಕೆ ಮಣ್ಣು. ಕುಸ್ತಿ ಕಲಿಸಿದ ವಸ್ತಾದ ಹೋದಾಗ ಶಿಷ್ಯರು ಗೋರಿಗೆ ಒಂದೊಂದು ಹಿಡಿ ಗರಡಿ ಮಣ್ಣು ಹಾಕಬೇಕು, ಆಮೇಲೇ ಮನೆಗೆ. ನಿಮ್ಮ ವಸ್ತಾದರಿಗೆ ನೀವು ಹಾಕಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ನೀವು ಅಳಲಿಲ್ಲ. ಮುಷ್ಟಿ ಮಾತ್ರ ಬಿಚ್ಚಲು ಬರದೆ...

ಅವತ್ತೇ ನನಗೆ ಖಬರಸ್ತಾನ ಪೂರಾ ತೋರಿಸಿದಿರಿ. ಕೋಟೆ ಗುಡ್ಡದ ಕಡೆಗಿನ ಹಳೆಯ ಸಾಲಿನಲ್ಲಿ ಊರಿನ ದೊಡ್ಡವರೆಲ್ಲ ಇದ್ದರು. ಇವರು ಹಕೀಮರು, ಅರ್ಧ ಊರು ಇವರ ಪುಡಿ ತಿಂದು ಬದುಕಿತು, ಕಹಿ ಅಂದವರನ್ನು ಬೈದು ಓಡಿಸುತ್ತಿದ್ದರು. ಇವರು ನಿಜಾಮರ ಕಾಲದ ಕಚೇರಿಯ ಪೇಶ್ಕಾರರು, ಸತ್ತ ಮೇಲೂ ಎಲ್ಲರಿಗಿಂತ ಎತ್ತರದ ಕಟ್ಟೆಯೇ ಬೇಕಾಯಿತು. ಇವರು ಕ್ಲಾರಿಯೊನೆಟ್ ಊದುವವರು, ಇವರು ಚಹಾ ಕುಡಿದು ಮುಗಿಸುವವರೆಗೆ ಮದುಮಗ ಕುದುರೆಯ ಮೇಲೆ ಕಾಯುತ್ತಿದ್ದ. ಒಬ್ಬೊಬ್ಬರ ಮುಂದೆಯೂ ನಿಂತು ಸಲಾಂ ಮಾಡಿದಿರಿ, ಬಾಜಾರಿನಲ್ಲಿ ಎದುರಾದವರಿಗೆ ಮಾಡುವ ಹಾಗೆ. ಬುದ್ಧಿಯಿಲ್ಲದ ನಾನು "ಮತ್ತ ನಿಮ್ಮನ್ನ ಎಲ್ಲಿ ಇಡತಾರ್ರಿ?" ಎಂದು ಕೇಳಿಬಿಟ್ಟೆ. ನೀವು ಸಿಟ್ಟಾಗಲಿಲ್ಲ. "ಎಲ್ಲರ ಇಡಲಿ. ಆ ಪೇಟಿ ಮಾಸ್ತರನ ಬಾಜೂಕ ಮಾತ್ರ ಬ್ಯಾಡ" ಅಂದಿರಿ.

ಪೇಟಿ ಮಾಸ್ತರರ ಮನೆಗೂ ನಮ್ಮ ಗರಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸಿ ಹೆಸರು ಮಾಡಿದವರು ಅವರು. ಬೆಳಿಗ್ಗೆ ಅವರು ಪೇಟಿ ಹಿಡಿಯುವುದಕ್ಕೂ ನಾವು ಒಬ್ಬರನ್ನೊಬ್ಬರು ಧೊಪ್ಪನೆ ಕೆಡವುವುದಕ್ಕೂ ಸರಿಹೋಗುತ್ತಿತ್ತು. ಗೋಡೆಯ ಆಚೆಯಿಂದ ಕೂಗು ಬರುತ್ತಿತ್ತು: "ನಿಮ್ಮ ಎಮ್ಮಿಗೋಳನ್ನ ಬ್ಯಾರೆ ಕಡೆ ಕಟ್ರಿ ಪೈಲ್ವಾನ್ರ, ನನ್ನ ಸ್ವರ ಬೀಳಾಕತ್ತಾವ!" ನೀವು ಬಿಡುತ್ತಿದ್ದಿರಾ? "ನಮ್ಮ ಹುಡುಗ್ರು ಬಿದ್ದರ ಏಳತಾರ. ನಿಮ್ಮ ಸ್ವರಕ್ಕ ತಾಕತ್ತಿಲ್ಲಂದ್ರ ನಾಕು ಬಸ್ಕಿ ಹೊಡಸ್ರಿ ಮಾಸ್ತರ!" ಆದರೆ ಒಂದು ದಿನ ಪೇಟಿ ಕೇಳಿಸದಿದ್ದರೆ, "ಯಾಕಂತ ನೋಡಿ ಬಾರಲೇ" ಎಂದು ನನ್ನನ್ನೇ ಕಳಿಸುತ್ತಿದ್ದಿರಿ.

ಕೊರೊನಾ ವರ್ಷ ಮೊದಲು ಅವರು ಹೋದರು, ಅದೇ ವಾರ ನೀವು. ಗಾಡಿ ಆಸ್ಪತ್ರೆಯಿಂದ ನೇರ ಖಬರಸ್ತಾನಕ್ಕೇ ಬಂತು. ನಾನು ಗರಡಿಯ ಮಣ್ಣನ್ನು ಧೋತರದ ಚುಂಗಿಗೆ ಕಟ್ಟಿಕೊಂಡು ಓಡಿದೆ. ಗೇಟಿನಲ್ಲೇ ತಡೆದರು. ನಿಮ್ಮ ಮಗನೊಬ್ಬನನ್ನೇ ಒಳಗೆ ಬಿಟ್ಟರು. ದೂರದಲ್ಲಿ ಮೈತುಂಬ ಬಿಳಿ ಪ್ಲಾಸ್ಟಿಕ್ ತೊಟ್ಟವರು ಕಂಡರು, ಅವರ ನಡುವೆ ಮಗ ಕಂಡ, ನೀವು ಕಾಣಲಿಲ್ಲ. ನಿಮ್ಮಂಥ ಆಳನ್ನು ಅಷ್ಟು ಬೇಗ ನೆಲಕ್ಕೆ ಇಳಿಸಿಬಿಟ್ಟರಲ್ಲ ವಸ್ತಾದರೇ... ಮಗ ಹೊರಗೆ ಬಂದು, "ಗೇಟ್ ತಗದ ಮ್ಯಾಲ ಜಾಗಾ ತೋರಸ್ತೀನಿ ಯಣ್ಣಾ" ಅಂದ. ಮರುದಿನವೇ ಅವನಿಗೂ ಜ್ವರ ಹತ್ತಿತು. ಅವನೂ ಏಳಲಿಲ್ಲ. ಅವನನ್ನು ಗಂಗಾವತಿ ಆಸ್ಪತ್ರೆಗೆ ಒಯ್ದಿದ್ದರು, ಅಲ್ಲಿಯೇ ಮಣ್ಣು ಮಾಡಿದರು.

ಗೇಟು ತೆಗೆದ ದಿನ ಶಿಷ್ಯರೆಲ್ಲ ಕೂಡಿ ಹೋದೆವು. ಕೊನೆಯ ಸಾಲಿನಲ್ಲಿ ಮೂರು ಹೊಸ ಗೋರಿಗಳು, ಬರೀ ಮಣ್ಣಿನ ದಿಬ್ಬ. ನಡುವಿನದರ ತಲೆಯ ಕಡೆ ಒಂದು ದುಂಡನೆಯ ಕಲ್ಲು. ಪೈಲ್ವಾನರಿಗೆ ಇನ್ನೇನು ಬೇಕು? ಗರಡಿಯಲ್ಲಿ ಎತ್ತುವ ಗುಂಡುಕಲ್ಲಿನ ನೆನಪಿಗೆ ಮಗನೇ ಇಟ್ಟು ಹೋಗಿದ್ದಾನೆ ಎಂದು ಒಬ್ಬ ಅಂದ, ಹೌದು ಹೌದು ಎಂದೆವು ಉಳಿದವರು. ಅಂದಿನಿಂದ ಮೊಹರಂ ಬಂದರೆ ಅದಕ್ಕೇ ಮಣ್ಣು, ಕುಸ್ತಿ ಇದ್ದರೆ ಅದಕ್ಕೇ ಮಣ್ಣು. ಗಿಣಿಗೇರಾ ಕಡೆಯ ಫ್ಯಾಕ್ಟರಿಗಳ ಕರಿ ಧೂಳು ಆ ಕಲ್ಲಿನ ಮೇಲೆ ಕೂತರೆ ಟವೆಲಿನಿಂದ ಒರೆಸುತ್ತಿದ್ದೆ. ನನ್ನ ಹೆಂಡತಿ ತೀರಿದ ಸುದ್ದಿಯನ್ನೂ ಅಲ್ಲಿಯೇ ಕೂತು ಹೇಳಿದೆ. ಅದು ನಿಮಗೆ ಮುಟ್ಟಿಲ್ಲ, ಈಗ ಬರೆದಿದ್ದೇನೆ, ತಿಳಿದುಕೊಳ್ಳಿ.

ಮೊನ್ನೆ ಮಧ್ಯಾಹ್ನ ಒರೆಸುತ್ತಿದ್ದಾಗ ಹಿಂದೆ ಹೆಂಗಸಿನ ದನಿ. "ಯಾರ್ರೀ ಅದು? ನಮ್ಮಪ್ಪನ ಮ್ಯಾಲ ಕೆಮ್ಮಣ್ಣು ಸುರದೀರಲ್ಲ, ಹೊಲ ಅಂತ ತಿಳದೀರೇನು?" ತಿರುಗಿ ನೋಡಿದರೆ ಪೇಟಿ ಮಾಸ್ತರರ ಮಗಳು ಹಸೀನಾಬಿ, ಕುಷ್ಟಗಿಗೆ ಕೊಟ್ಟವಳು, ಅಪರೂಪಕ್ಕೆ ಊರಿಗೆ ಬರುವವಳು. ನಾನು ಸುಮ್ಮನಿರುವವನೇ? "ನಿಮ್ಮಪ್ಪ ಎಲ್ಲಿಂದ ಬಂದ ಇಲ್ಲಿ? ಕಣ್ಣಿಲ್ಲೇನು? ನಮ್ಮ ವಸ್ತಾದರ ಗುಂಡುಕಲ್ಲು ಇದು!" ಎಂದು ಜೋರು ಮಾಡಿದೆ. ಆಕೆ ಕಲ್ಲಿನ ಪಕ್ಕ ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. "ಯಣ್ಣಾ, ಅದು ನಮ್ಮನಿ ಒಳ್ಳಿನ ಗುಂಡು. ಖಾರ ಅರಿಯೋದು. ಗುರುತಿಗೆ ಏನೂ ಸಿಗಲಾರದಕ್ಕ ಮಣ್ಣು ಮಾಡಿದ ದಿನಾನ ನನ್ನ ಗಂಡ ಹೊತ್ತು ತಂದು ಇಟ್ಟಾನ. ಕೆಳಗ ಒಂದ ಕಡೆ ಸೀಳೈತಿ ನೋಡ್ರಿ, ನನ್ನ ಕೈಯಾಗ ಬಿದ್ದು ಸೀಳಿದ್ದು." ಕಲ್ಲು ಹೊರಳಿಸಿ ನೋಡಿದೆ. ಸೀಳಿತ್ತು.

ಇಷ್ಟು ದಿನ ನಿಮ್ಮ ಗರಡಿಯ ಎಣ್ಣೆ, ಮಜ್ಜಿಗೆ ಎಲ್ಲ ಪೇಟಿ ಮಾಸ್ತರರ ಪಾಲಾಗಿದೆ ವಸ್ತಾದರೇ. ನಮ್ಮ ಹುಡುಗರೇ ಊರಿದ್ದಾರೆಂದು ನಾನು ತಿಳಿದಿದ್ದ, ಆದರೆ ಆಕೆ ಊರಿದ್ದ ಸಬ್ಜಾ ಗಿಡ ಆ ಗೋರಿಯ ಮೇಲೆ ಮೊಣಕಾಲುದ್ದ ಬೆಳೆದು ಘಮಘಮ ಅನ್ನುತ್ತಿದೆ. ಹಸೀನಾಬಿ ಅದನ್ನು ಸವರಿ, "ನಮ್ಮಪ್ಪಗ ಹಾಕೋದು ಬ್ಯಾಡ ಅನ್ನಂಗಿಲ್ಲ ಯಣ್ಣಾ. ಆದರ ನಿಮ್ಮವರು ಇಷ್ಟು ದಿನ ಹಂಗ ಮಲಗ್ಯಾರಲ್ಲ..." ಅಂದಳು. ಆ ಮಾತು ಕೇಳಿ ನಾನು ಆಗಲೇ ಎದ್ದು ಕಮಿಟಿಯವರ ಹತ್ತಿರ ಓಡಿದೆ.

ಉಳಿದವು ಎರಡು. ಗೋಡೆಯ ಕಡೆಗೊಂದು, ಬೇವಿನ ಮರದ ಕಡೆಗೊಂದು. ಎರಡರಲ್ಲಿ ಯಾವುದಾದರೂ ನೀವು ಮಾಸ್ತರರ ಬಾಜೂಕೇ ಇದ್ದೀರಿ, ಅದಕ್ಕೆ ನಾನೇನೂ ಮಾಡಲಾರೆ. ಇನ್ನೊಂದರಲ್ಲಿ ಇರುವುದು ಫ್ಯಾಕ್ಟರಿಗೆ ದುಡಿಯಲು ದೂರದಿಂದ ಬಂದು ಅದೇ ರೋಗಕ್ಕೆ ಹೋದ ಒಬ್ಬ ಹುಡುಗ. ಅವನ ಹೆಸರೂ ಯಾರಿಗೂ ಗೊತ್ತಿಲ್ಲ. ಈಗ ಕಮಿಟಿಯವರು ಊರಿನ ದೊಡ್ಡವರ ಗೋರಿಗಳಿಗೆಲ್ಲ ಹೊಸ ಕಲ್ಲು ನೆಡಿಸುತ್ತಿದ್ದಾರೆ. ಹಕೀಮರದಾಯಿತು, ಹಸೀನಾಬಿ ಜಾಗ ತೋರಿಸಿದ ಮೇಲೆ ಮಾಸ್ತರರದೂ ಆಯಿತು, ನಿಮ್ಮದೊಂದು ಉಳಿದಿದೆ. "ಯಾವದರ ಒಂದಕ್ಕ ನೆಡೋಣ ಕಾಕಾ, ಎಲ್ಲಾ ಮಣ್ಣ ಅಲ್ಲೇನು?" ಅಂದ ಒಬ್ಬ ಮುಖಂಡ. "ನಿಮ್ಮಪ್ಪನ ಹೆಸರು ಬಾಜೂ ಮನಿ ಬಾಗಲಕ್ಕ ಬರಸ್ತಿ ಏನಲೇ?" ಎಂದು ಎದ್ದೆ. ರುಬೀನಾ ಕೈ ಹಿಡಿದು ಕೂರಿಸಿದಳು.

ಮಣ್ಣನ್ನು ಎರಡಕ್ಕೂ ಹಾಕಬಹುದು. ನಿನ್ನೆ ಹಾಕಿಯೂ ಬಂದೆ. ಆ ಹುಡುಗನಿಗೂ ಒಂದು ಹಿಡಿ ಸಿಕ್ಕರೆ ನೀವು ಬೇಡ ಅನ್ನುವವರಲ್ಲ. ಆದರೆ ಕಲ್ಲು ಒಂದೇ. ನಿಮ್ಮ ಹೆಸರನ್ನು ಅವನ ತಲೆಯ ಮೇಲೆ ನೆಟ್ಟುಬಿಟ್ಟರೆ, ನಾಳೆ ಅವನ ತಾಯಿ ಹುಡುಕಿಕೊಂಡು ಬಂದು, ಕಲ್ಲು ಓದಿಸಿ ಕೇಳಿ, ಇದು ನನ್ನ ಮಗನಲ್ಲ ಎಂದು ಮುಂದೆ ಹೋಗುವುದಿಲ್ಲವೇ? ಇಷ್ಟು ದಿನ ನಾನು ಮತ್ತೊಬ್ಬರ ಮುಂದೆ ಕೂತು ಅತ್ತ ಹಾಗೆ ಆಕೆ... ಅದು ಆಗಬಾರದು. ರುಬೀನಾ, ಇದನ್ನು ಕಮಿಟಿಯವರಿಗೆ ಎರಡು ಸಲ ಓದು.

ಶುಕ್ರವಾರ ನಮಾಜು ಮುಗಿದ ಕೂಡಲೇ ಗೌಂಡಿ ಬರುತ್ತಾನೆ. ನೀವು ಹೇಳದೆ ಅವನಿಗೆ ಹಾರೆ ಹಾಕಲು ನಾನು ಬಿಡುವವನಲ್ಲ, ಆ ಎರಡು ಗೋರಿಗಳ ನಡುವೆ ಹೋಗಿ ಕೂರುತ್ತೇನೆ. ನನ್ನ ಕನಸಿಗೆ ಬನ್ನಿ, ಇಲ್ಲವೇ ರುಬೀನಾಳ ಕನಸಿಗೆ ಬನ್ನಿ, ಯಾರ ಬಾಯಿಂದಲಾದರೂ ಹೇಳಿಸಿ. ಗೋಡೆಯ ಕಡೆಯೋ, ಬೇವಿನ ಕಡೆಯೋ? ಗುರುವಾರ ಹೊತ್ತು ಮುಳುಗುವುದರೊಳಗೆ ನನಗೆ ಉತ್ತರ ಬೇಕು.